ಬನಶಂಕರಿಯ ರೊಟ್ಟಿ, ಪಟ್ಟದಕಲ್ಲಿನ ರಾಣಿಯರು

ಬಾದಾಮಿ ಕಡೆಗೆ ಹೊರಟವರಿಗೆ ನಾನು ಹೇಳುವ ಮೊದಲ ಮಾತು, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬೇಡಿ. ನಾವು ಹೆಂಗಸರು ಪ್ರವಾಸಕ್ಕೆ ಹೊರಟರೆ ಹಿಂದಿನ ರಾತ್ರಿ ಹನ್ನೆರಡರವರೆಗೆ ಅಡಿಗೆಮನೆಯಲ್ಲಿ ನಿಂತು ಚಪಾತಿ, ಪುಳಿಯೋಗರೆ, ಅವಲಕ್ಕಿ ಎಂದು ಡಬ್ಬಿ ತುಂಬುತ್ತೇವೆ. ಬೆಳಿಗ್ಗೆ ಗಾಡಿ ಹತ್ತುವಾಗಲೇ ಅರ್ಧ ದಣಿದಿರುತ್ತೇವೆ. ಬಾದಾಮಿಯಿಂದ ಐದು ಕಿಲೋಮೀಟರು ದೂರದ ಬನಶಂಕರಿಯಲ್ಲಿ ನಮಗಾಗಿ ಊಟ ಹೊತ್ತು ಕಾದಿರುವ ಹೆಂಗಸರಿದ್ದಾರೆ. ಒಂದು ದಿನ ಅವರ ಕೈಯೂಟ ಉಂಡು, ಇತಿಹಾಸವನ್ನು ನಿಶ್ಚಿಂತೆಯಿಂದ ನೋಡಬಹುದು.

ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಹನ್ನೊಂದು ಜನ ಹೆಂಗಸರು ಹೀಗೆ ಹೊರಟೆವು. ಹುಬ್ಬಳ್ಳಿಯಿಂದ ನಸುಕಿನಲ್ಲಿ ಬಿಟ್ಟ ಟೆಂಪೋ ಬಿಸಿಲೇರುವ ಮೊದಲೇ ಬಾದಾಮಿಯ ಕೆಂಪು ಬಂಡೆಗಳ ಕೆಳಗೆ ನಿಲ್ಲಿಸಿತು. ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಇಷ್ಟೇ ನಮ್ಮ ಯೋಜನೆ. ಐಹೊಳೆಯನ್ನೂ ಅದೇ ದಿನ ತುರುಕುವವರಿದ್ದಾರೆ. ನೂರಕ್ಕೂ ಮೇಲ್ಪಟ್ಟ ಗುಡಿಗಳ ಊರನ್ನು ಸಂಜೆ ಅರ್ಧ ತಾಸಿನಲ್ಲಿ ನೋಡುವುದಕ್ಕಿಂತ ನೋಡದೆ ಬಿಡುವುದು ಮರ್ಯಾದೆ ಎಂದು ನನ್ನ ಅಭಿಪ್ರಾಯ.

ಗೈಡ್ ಆಗಿ ಸಿಕ್ಕವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಚುರುಕಾದವನು. ರಾಜರ ಹೆಸರು, ಇಸವಿ ಎಲ್ಲ ನಾಲಿಗೆಯ ತುದಿಯಲ್ಲಿ. ಮೆಟ್ಟಿಲು ಹತ್ತುವಾಗ ನಮ್ಮಲ್ಲಿ ಹಿರಿಯರಾದ, ಎಪ್ಪತ್ತು ದಾಟಿದ ಕಾಕೂ ಅವರ ಕೈ ಹಿಡಿದು ನಡೆಸಿದ. ಮೂರನೆಯ ಗುಹೆಯ ಮುಂದೆ ನಿಂತು, 578ರಲ್ಲಿ ಮಂಗಲೇಶ ತನ್ನ ಅಣ್ಣ ಕೀರ್ತಿವರ್ಮನ ಕಾಲದಲ್ಲಿ ಇದನ್ನು ಕೊರೆಸಿದ ಎಂದು ಹೇಳಿ, ಬಣ್ಣದ ಚಿತ್ರಗಳ ಗುರುತು ಉಳಿದಿರುವ ಕಡೆಗೆ ಬೆರಳು ಮಾಡಿದ. ಆ ಶಾಸನದ ಒಂದು ಸಂಗತಿ ಮಾತ್ರ ಅವನು ಹೇಳಲಿಲ್ಲ, ನನಗೆ ಅದೇ ಬಹಳ ಪ್ರಿಯ. ಕಾರ್ತಿಕ ಹುಣ್ಣಿಮೆಯ ದಿನ ವಿಷ್ಣುವನ್ನು ಪ್ರತಿಷ್ಠಾಪಿಸಿದ ಮಂಗಲೇಶ ಲಂಜೀಶ್ವರ ಎಂಬ ಹಳ್ಳಿಯನ್ನು ದತ್ತಿ ಬಿಟ್ಟ. ಯಾತಕ್ಕೆ? ದೇವರ ನೈವೇದ್ಯಕ್ಕೆ, ದಿನವೂ ಹದಿನಾರು ಬ್ರಾಹ್ಮಣರ ಊಟಕ್ಕೆ, ಉಳಿದದ್ದು ಊರೂರು ತಿರುಗುವ ಸನ್ಯಾಸಿಗಳ ಊಟಕ್ಕೆ. ಇಂದಿನ ನಂದಿಕೇಶ್ವರವೇ ಆ ಹಳ್ಳಿ ಎನ್ನುತ್ತಾರೆ. ಇಷ್ಟು ದೊಡ್ಡ ಗುಹೆ ಕೊರೆಸಿದ ಮೇಲೂ ಆತ ಮರೆಯದೆ ಬರೆಸಿದ್ದು ದಿನಕ್ಕೆ ಎಷ್ಟು ಎಲೆ ಹಾಕಬೇಕು ಎಂಬುದನ್ನು. ಅಷ್ಟು ಜನರಿಗೆ ದಿನವೂ ಬೇಯಿಸಿದ ಕೈ ಯಾವುದು ಎಂದು ಮಾತ್ರ ಅಲ್ಲಿ ಬರೆದಿಲ್ಲ. ನಮಗೆ ಅದೇನು ಹೊಸದಲ್ಲ ಬಿಡಿ.

ಮಧ್ಯಾಹ್ನಕ್ಕೆ ಬನಶಂಕರಿಗೆ ಬಂದೆವು. ಈ ದೇವಿಯ ಇನ್ನೊಂದು ಹೆಸರು ಶಾಕಂಭರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಲೋಕಕ್ಕೆ ಉಣಿಸಿದವಳು. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಇಲ್ಲಿ ಪಲ್ಯೇದ ಹಬ್ಬ ಆಗುತ್ತದೆ, ನೂರೆಂಟು ಬಗೆಯ ಕಾಯಿಪಲ್ಯದ ಅಡಿಗೆ ಮಾಡಿ ದೇವಿಗೆ ಎಡೆ ಹಿಡಿಯುತ್ತಾರೆ. ಇಂಥ ದೇವಿಯ ಅಂಗಳದಲ್ಲಿ ಊಟ ಮಾರುವವರು ಕೂಡ ಹೆಂಗಸರೇ ಆಗಿರುವುದು ಸರಿಯಾಗೇ ಇದೆ. ಹೊಂಡದಿಂದ ಬರುವಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರು ಸುತ್ತುವರಿದರು.

"ಬರ್ರಿ ಅಕ್ಕಾರ, ರೊಟ್ಟಿ ಉಣ್ಣ ಬರ್ರಿ. ಗಡಿಗಿ ಮಸರ ಐತ್ರಿ."

ಗಿಡದ ನೆರಳಲ್ಲಿ ಸಾಲಾಗಿ ಕುಳಿತೆವು. ಬಿಳಿ ಅರಿವೆ ಬಿಚ್ಚಿದಾಗ ಒಂದರ ಮೇಲೊಂದು ಜೋಳದ ರೊಟ್ಟಿ. ಎಣ್ಣೆಗಾಯಿ ಬದನೆಕಾಯಿ, ಮಡಿಕಿಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಣ್ಣಲ್ಲಿ ನೀರು ತರಿಸುವ ಕೆಂಪು ಖಾರ. ಎಲ್ಲಕ್ಕೂ ಮೇಲೆ ಪುಟ್ಟ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಮಣ್ಣು ನೀರು ಹೀರಿಕೊಳ್ಳುತ್ತದೆ, ಅದಕ್ಕೇ ಆ ಗಟ್ಟಿತನ, ಆ ತಂಪು. ಫ್ರಿಜ್ಜಿನ ಸ್ಟೀಲ್ ಡಬ್ಬಿಯ ಮೊಸರಿಗೆ ಅದು ಬರುವುದಿಲ್ಲ.

ನಾವು ಉಣ್ಣುವುದನ್ನು ನೋಡಿ ಗೈಡ್ ಹುಡುಗ ಹೆಮ್ಮೆಯಿಂದ, "ಚಾಲುಕ್ಯರ ಕಾಲದಿಂದ ಇದ ಊಟಾ ನೋಡ್ರಿ ಇಲ್ಲೆ" ಎಂದ. ಕೇಳಲು ಚೆಂದ, ಆದರೆ ಪೂರ್ತಿ ನಿಜವಲ್ಲ. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ, ಬಟಾಟೆ ಇವೆಲ್ಲ ಅಮೆರಿಕ ಖಂಡದವು. ಪೋರ್ತುಗೀಸರು ಬಂದ ಮೇಲೆ, ಎಂದರೆ ಹದಿನಾರನೆಯ ಶತಮಾನದಿಂದ ಈಚೆಗೆ ನಮ್ಮ ನೆಲ ಕಂಡವು. ಪುಲಿಕೇಶಿಯ ಮನೆಯಲ್ಲಿ ಖಾರವೆಂದರೆ ಕರಿಮೆಣಸು. ಅದರ ಹೆಸರನ್ನೇ ಹೊಸಬನಿಗೆ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದುಕೊಂಡೆವು. ಹಾಗಾದರೆ ಆ ಬುಟ್ಟಿಯಲ್ಲಿ ಚಾಲುಕ್ಯರ ರಾಣಿ ಗುರುತಿಸುವಂಥದ್ದು ಏನಿತ್ತು? ಬದನೆಕಾಯಿ ಈ ದೇಶದ್ದೇ. ಎಳ್ಳು, ಹುರಳಿ, ಮಡಿಕಿ ಹಳೆಯವು. ಮೊಸರು, ಬೆಲ್ಲ ಸರಿಯೇ ಸರಿ. ಜೋಳವೂ ಮೂಲತಃ ಆಫ್ರಿಕದ್ದು. ಆದರೆ ಅದು ಬಂದು ಸಾವಿರಾರು ವರ್ಷಗಳಾಗಿ, ಚಾಲುಕ್ಯರ ಕಾಲಕ್ಕೆ ಮನೆಯವನೇ ಆಗಿತ್ತು. ಹತ್ತನೆಯ ಶತಮಾನದ ಪಂಪನಲ್ಲಿ ಒಡೆಯನ ಅನ್ನದ ಋಣಕ್ಕೆ 'ಜೋಳದ ಪಾಳಿ' ಎಂಬ ಮಾತಿದೆ. ಈಗ ನಾವು ಉಪ್ಪಿನ ಋಣ ಎನ್ನುತ್ತೇವಲ್ಲ, ಆಗ ಅದು ಜೋಳದ ಋಣ. ಅರ್ಧ ಬುಟ್ಟಿ ಹಳೆಯದು, ಅರ್ಧ ಬುಟ್ಟಿ ಬಂದು ಸೇರಿದ್ದು. ಸಿಕ್ಕಿದ್ದನ್ನೆಲ್ಲ ತನ್ನದು ಮಾಡಿಕೊಳ್ಳುವುದು ಅಡಿಗೆಯವಳ ಗುಣ. ಕಲ್ಲಿನ ಗುಡಿಗೆ ಹಾಗೆ ಬರುವುದಿಲ್ಲ.

ನಮಗೆ ಬಡಿಸಿದಾಕೆ ಐವತ್ತರ ಹೆಂಗಸು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ದಿನವೂ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುತ್ತಾಳಂತೆ. ಎಷ್ಟು ವರ್ಷದಿಂದ ಎಂದು ಕೇಳಿದೆ.

"ನಮ್ಮವ್ವ ಇದ ಗಿಡದ ಬುಡಕ ಕುಂದರತಿದ್ಲರಿ. ಆಕಿಗಿಂತ ಮೊದಲ ನಮ್ಮಮ್ಮ."

ಆ ಕಡೆ ಅಮ್ಮ ಎಂದರೆ ಅಜ್ಜಿ. ಮೂರು ತಲೆಮಾರು. "ನಿಮ್ಮ ಮಗಳು?" ಎಂದೆ.

"ಆಕಿ ನರ್ಸಿಂಗ್ ಓದಾಕತ್ತಾಳ. ರೊಟ್ಟಿ ಬಡಿಯಾಕ ಬರಂಗಿಲ್ಲರಿ ಆಕಿಗೆ. ಬರಬಾರದಂತನ ನಾ ಕಲಸಿಲ್ಲ."

ನಮ್ಮ ಗುಂಪಿನ ಒಬ್ಬರು "ಅಯ್ಯೋ, ಇಂಥಾ ಕೈಗುಣ ಮುಂದ ಹೋಗೂದಿಲ್ಲಲ್ಲ" ಎಂದು ಮರುಗಿದರು. ಆಕೆ ನಕ್ಕಳು. "ನೀವು ಬಡೀತೀರೇನ್ರಿ ಅಕ್ಕಾರ ಮನ್ಯಾಗ?" ಹನ್ನೊಂದು ಜನರಲ್ಲಿ ಕಾಕೂ ಒಬ್ಬರನ್ನು ಬಿಟ್ಟರೆ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಮನೆಗಳಿಗೆ ರೊಟ್ಟಿ ಬರುವುದು ಓಣಿಯ ತುದಿಯ ರೊಟ್ಟಿ ಅಂಗಡಿಯಿಂದ, ಕಟಕ ರೊಟ್ಟಿಯಾದರೆ ಪ್ಯಾಕೆಟ್ಟಿನಲ್ಲಿ. ಒಲೆಯ ಮುಂದೆ ಬೆನ್ನು ಬಗ್ಗಿಸಿ ಕೂರುವ ಕೆಲಸದಿಂದ ನಾವು ಬಿಡುಗಡೆ ಪಡೆದು, ಪರಂಪರೆಯ ಹೆಸರಿನಲ್ಲಿ ಆಕೆಯ ಮಗಳು ಅಲ್ಲಿ ಕೂರಲಿ ಎನ್ನುವುದು ಯಾವ ನ್ಯಾಯ? ಆ ಹುಡುಗಿ ನರ್ಸೇ ಆಗಲಿ. ಗಡಿಗೆ ಮೊಸರಿನ ರುಚಿ ಕಡಿಮೆಯಾದರೆ ಆಗಲಿ ಎಂದು ಹೇಳುವ ಧೈರ್ಯ ಮಾತ್ರ ಮೊಸರು ಉಣ್ಣುತ್ತಿರುವಾಗ ನನಗೆ ಬರಲಿಲ್ಲ.

ಅಲ್ಲಿಂದ ಮಹಾಕೂಟ. ಗುಡ್ಡದ ಮಡಿಲಲ್ಲಿ ಬತ್ತದ ಒರತೆಯ ಪುಷ್ಕರಣಿ, ಸುತ್ತ ಗುಡಿಗಳು, ಹುಡುಗರ ಈಜು. ಮಹಾಕೂಟೇಶ್ವರನ ಮಂಟಪದ ಕಂಬವೊಂದರಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂದರೆ 696ರಿಂದ 733ರೊಳಗಿನ ಕನ್ನಡ ಶಾಸನವಿದೆ. ಅದರ ವಿಷಯ ಬಂದಾಗ ಗೈಡ್ ಸ್ವಲ್ಪ ದನಿ ತಗ್ಗಿಸಿದ. ಹನ್ನೊಂದು ಜನ ಗರತಿಯರ ಮುಂದೆ ಹೇಳುವುದು ಹೇಗೆಂಬ ಸಂಕೋಚ. ಕಾಕೂ "ಹೇಳಪಾ ತಮ್ಮಾ, ನಾವೇನು ಸಣ್ಣ ಹುಡುಗ್ಯಾರಲ್ಲ" ಎಂದರು.

ಶಾಸನ ವಿನಾಪೋಟಿ ಎಂಬ ಸೂಳೆಯದು. ಆ ಶಬ್ದವನ್ನು ಶಾಸನವೇ ಬಳಸುತ್ತದೆ, ಮುಚ್ಚುಮರೆಯಿಲ್ಲ. ಜೊತೆಗೆ ಆಕೆಯನ್ನು ರಾಜನ ಪ್ರಾಣವಲ್ಲಭೆ ಎನ್ನುತ್ತದೆ. ಆಕೆ ಇಲ್ಲಿ ಹಿರಣ್ಯಗರ್ಭ ದಾನ ಮಾಡಿದಳು, ದೇವರ ಪೀಠಕ್ಕೆ ಕೆಂಪು ಕಟ್ಟಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಹೊಲ ಬಿಟ್ಟಳು. ನನ್ನನ್ನು ತಡೆದು ನಿಲ್ಲಿಸಿದ್ದು ದಾನದ ಪಟ್ಟಿಯಲ್ಲ, ಆಕೆಯ ಪರಿಚಯ. ಶಾಸನಗಳಲ್ಲಿ ಇಂಥವನ ಮಗ, ಇಂಥವನ ಮೊಮ್ಮಗ ಎಂದು ಗಂಡಸರ ಸರಪಳಿ ಓದಿ ನಮಗೆ ರೂಢಿ. ಇಲ್ಲಿ ಅಜ್ಜಿ ರೇವಮಂಚಳು, ಅವರ ಮಗಳು ಕುಚಿಪೋಟಿ, ಅವರ ಮಗಳು ವಿನಾಪೋಟಿ. ಒಬ್ಬ ಗಂಡಸಿನ ಹೆಸರೂ ಆ ವಂಶಾವಳಿಯಲ್ಲಿ ಇಲ್ಲ. ಮೂರೂ ಹೆಸರಿಗೆ ಗೌರವದ 'ಗಳ್' ಸೇರಿದೆ. ವಿನಾಪೋಟಿಗಳ್, ಎಂದರೆ ವಿನಾಪೋಟಿಯವರು. ಹದಿಮೂರು ಶತಮಾನಗಳ ಹಿಂದೆ ಕಲ್ಲು ಕೊರೆದವನು ಬಹುವಚನ ಕೊಟ್ಟವಳಿಗೆ ಇಂದಿನ ಗೈಡ್ ಹುಡುಗ ಏಕವಚನ ಹಚ್ಚುತ್ತಿದ್ದ. ಕಾಕೂ ತಿದ್ದಿದರು, "ಅವರು ಅನ್ನು."

ನನಗೆ ಗಿಡದ ಬುಡದ ಮೂರು ತಲೆಮಾರು ನೆನಪಾಯಿತು. ಅವರಲ್ಲಿ ಒಬ್ಬರ ಹೆಸರನ್ನೂ ನಾವು ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಅವ್ವ, ಅಮ್ಮ, ಮಗಳು, ಅಷ್ಟೇ.

ಪಟ್ಟದಕಲ್ಲು ತಲುಪಿದಾಗ ಬಿಸಿಲು ಇಳಿದಿತ್ತು. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಹಳೆಯ ಹೆಸರು ಕಿಸುವೊಳಲ್, ಕೆಂಪು ಪಟ್ಟಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೆಸರಿಸುವ ಊರುಗಳಲ್ಲಿ ಇದೂ ಒಂದು. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹುಲ್ಲುಹಾಸಿನ ಮೇಲೆ ಗುಡಿಗಳನ್ನು ಜೋಡಿಸಿಟ್ಟಂತಿದೆ. ಗೈಡ್ ವಿರೂಪಾಕ್ಷನ ಮುಂದೆ ನಿಂತು ಹೇಳಿದ, "ಎರಡನೇ ವಿಕ್ರಮಾದಿತ್ಯ ಮೂರು ಸಲ ಕಂಚಿ ಗೆದ್ದ ನೆನಪಿಗೆ ಕಟ್ಟಿದ ಗುಡಿರಿ ಇದು."

"ಕಟ್ಟಿಸಿದವರು ಯಾರಪಾ?" ಎಂದು ಕೇಳಿದೆ. ಅವನಿಗೆ ಗೊತ್ತಿತ್ತು. ಹೇಳುವ ರೂಢಿ ಇರಲಿಲ್ಲ. "ರಾಣಿರಿ. ಲೋಕಮಹಾದೇವಿ."

ಗೆದ್ದವನು ಗಂಡ, ಗುಡಿ ಹೆಂಡತಿಯದು. ಸುಮಾರು 740ರ ಹೊತ್ತಿಗೆ ಎದ್ದ ಇದರ ಮೊದಲ ಹೆಸರು ಲೋಕೇಶ್ವರ, ಅವಳ ಹೆಸರಿನಿಂದಲೇ ಬಂದದ್ದು. ಪಕ್ಕದ ಮಲ್ಲಿಕಾರ್ಜುನ ತ್ರೈಲೋಕ್ಯೇಶ್ವರ, ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಹೈಹಯ ವಂಶದ ಅಕ್ಕತಂಗಿಯರು, ಇಬ್ಬರಿಗೂ ಒಬ್ಬನೇ ಗಂಡ. ಇಷ್ಟು ಕೇಳಿದ್ದೇ ತಡ, ನಮ್ಮ ಗುಂಪಿಗೆ ಹೊಸ ಹುರುಪು ಬಂತು. ಅಕ್ಕನ ಗುಡಿ ದೊಡ್ಡದೋ ತಂಗಿಯದೋ? ಅಕ್ಕನದು ದೊಡ್ಡದು, ಸುತ್ತ ಪ್ರಾಕಾರ, ಮುಂದೆ ನಂದಿಮಂಟಪ, ಇಂದಿಗೂ ಪೂಜೆ. ತಂಗಿಯದು ಅದೇ ನಕ್ಷೆ, ಅಳತೆ ಸ್ವಲ್ಪ ಕಿರಿದು. ಪಟ್ಟಕ್ಕೆ ಬಂದ ಮಗ ಯಾರವನು? ತಂಗಿಯವನು, ಇಮ್ಮಡಿ ಕೀರ್ತಿವರ್ಮ. "ಹಂಗಾರ ತಕ್ಕಡಿ ಸಮ ಆತು" ಎಂದು ಕಾಕೂ ತೀರ್ಪು ಕೊಟ್ಟರು. ಆ ಮಗನ ಕಾಲದ 754ರ ಕಂಬ ಶಾಸನ ಅಲ್ಲೇ ಇದೆ, ದೊಡ್ಡಮ್ಮನ ಗುಡಿ, ತಾಯಿಯ ಗುಡಿ ಎರಡನ್ನೂ ಹೆಸರಿಸುತ್ತದೆ. ಆತನೇ ಆ ವಂಶದ ಕೊನೆಯ ಅರಸ. ರಾಷ್ಟ್ರಕೂಟರು ರಾಜ್ಯ ಕಿತ್ತುಕೊಂಡರು, ಗುಡಿಗಳು ಉಳಿದವು.

ಲೋಕಮಹಾದೇವಿಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಮಾವ ವಿಜಯಾದಿತ್ಯ ಹಾಡುಗಾರರಿಗೆ ಕೊಟ್ಟಿದ್ದ ಹಕ್ಕುಗಳನ್ನು ಆಕೆ ಮತ್ತೆ ಊರ್ಜಿತಗೊಳಿಸಿದಳು. ಗುಡಿ ಕಟ್ಟಿದ ಸೂತ್ರಧಾರಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತು, ಹೆಸರು ಕಲ್ಲಿಗೆ ಏರಿತು. ಮುಂದೆ ರಾಷ್ಟ್ರಕೂಟ ಧಾರಾವರ್ಷನ ಕಾಲದಲ್ಲಿ ಇದೇ ಗುಡಿಯ ಸೂಳೆ ಬಾದಿಪೊದ್ದಿ ಕುದುರೆಯ ರಥ, ಆನೆಯ ರಥ ದಾನ ಮಾಡಿದಳು. ಅವಳ ಹೆಸರೂ ಇಲ್ಲೇ ಇದೆ. ರಾಣಿಯ ಕಟ್ಟಡದಲ್ಲಿ ಶಿಲ್ಪಿಗೂ ಗಾಯಕರಿಗೂ ಸೂಳೆಗೂ ಜಾಗ ಸಿಕ್ಕಿದೆ. ಅಡಿಗೆಯವಳಿಗೆ ಸಿಕ್ಕಿಲ್ಲ. ನೈವೇದ್ಯ ದಿನವೂ ಆಗಿದ್ದೇನೋ ನಿಜ.

ಮಂಟಪದ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕಥೆ ಹುಡುಕುವುದನ್ನು ಬಿಟ್ಟು ನಮ್ಮವರು ಅಕ್ಷರ ಹುಡುಕತೊಡಗಿದರು. ನಮ್ಮದೇ ಲಿಪಿಯ ಅಜ್ಜಿ, ಆದರೂ ಓದಲು ಬರುವುದಿಲ್ಲ. ಒಬ್ಬರು "ಇದು ಲ ಇರಬೇಕು" ಎಂದರು, ಇನ್ನೊಬ್ಬರು ಅಲ್ಲವೆಂದರು. ಕಾಕೂ ಕನ್ನಡಕ ಏರಿಸಿ, ರೊಟ್ಟಿ ಬಡಿದು ಒರಟಾದ ಬೆರಳನ್ನು ಒಂದು ಗೆರೆಯ ಮೇಲೆ ನಿಧಾನವಾಗಿ ಎಳೆದರು. ಅಷ್ಟರಲ್ಲಿ ಕಾವಲುಗಾರ ದೂರದಿಂದ ಸೀಟಿ ಊದಿದ, ಹೊತ್ತಾಯಿತು, ಹೊರಡಿ ಎಂದು.