ವಿಶ್ವಾಮಿತ್ರರ ನಾಲ್ಕಕ್ಷರ ಮತ್ತು ಉಲ್ಲೇಖಗಳ ಲೆಕ್ಕ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ 'ಸಂಶೋಧಕರು' ಅಂದರೆ ಮೊದಲು ನೆನಪಾಗೋದು ವಚನ, ಶಾಸನ, ತಾಳೆಗರಿ. ವಿಜಯಪುರದಲ್ಲಿ ಕೂತು ವಚನಗಳನ್ನು ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿ, ನಮ್ಮ ಸಿಂದಗಿ ತಾಲೂಕಿನವರೇ ಆದ ಎಂ.ಎಂ. ಕಲಬುರ್ಗಿ. ಕಲಬುರ್ಗಿಯವರ ತೂಕ ತಿಳಿಯಬೇಕಾದರೆ 'ಮಾರ್ಗ' ಸಂಪುಟಗಳನ್ನು ತೆಗೆದು ಓದಬೇಕು. ಎಷ್ಟು ಜನ ಅಡಿಟಿಪ್ಪಣಿಯಲ್ಲಿ ಅವರ ಹೆಸರು ಹಾಕಿದ್ದಾರೆ ಅಂತ ಯಾರೂ ಎಣಿಸುತ್ತಾ ಕೂರುವುದಿಲ್ಲ.

ಮಾಲಿಕ್ಯುಲರ್ ಬಯಾಲಜಿಯಲ್ಲಿ ಹಾಗಲ್ಲ ನೋಡಿ, ಅಲ್ಲಿ ಎಣಿಸುತ್ತಾರೆ. ಈ ಎಣಿಕೆಯನ್ನು ಶುರು ಮಾಡಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಅವರಿಗೆ ಹೊಳೆದದ್ದು, 1960ರ ದಶಕದಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ದಪ್ಪ ದಪ್ಪ ಸಂಪುಟಗಳಾಗಿ ಬಂತು. ಯಾವ ಲೇಖನವನ್ನು ಯಾರ‍್ಯಾರು ಉಲ್ಲೇಖಿಸಿದ್ದಾರೆ ಅನ್ನುವ ಪಟ್ಟಿ. (ಅಂದ ಹಾಗೆ, ಗೂಗಲ್‌ನ ಪೇಜ್‌ರ‍್ಯಾಂಕ್ ಕೂಡ ಇದೇ ಯೋಚನೆಯ ಮರಿ.)

ಈ ಲೆಕ್ಕದಲ್ಲಿ ಸರಿಯಾಗಿ ಕೂರದ ಒಬ್ಬರ ಕತೆ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮೆಲ್ಲರ ಬಾಯಲ್ಲಿ ಟಾಟಾ ಇನ್ಸ್‌ಟಿಟ್ಯೂಟ್‌ನಲ್ಲಿ, ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ಎ. ವಿಶ್ವಾಮಿತ್ರ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯ ಮಾದರಿ ಕಟ್ಟಿದರಲ್ಲ, ಆ ಮಾದರಿಗೆ ಆಧಾರವಾಗಿದ್ದದ್ದು ಡಿಎನ್‌ಎ ಎಳೆಗಳ ಎಕ್ಸ್-ರೇ ಚಿತ್ರ. ಎಳೆಯ ಚಿತ್ರದಲ್ಲಿ ಸಿಗುವುದು ಸರಾಸರಿ ರೂಪ ಮಾತ್ರ, ಒಂದೊಂದು ಪರಮಾಣು ಎಲ್ಲಿದೆ ಅಂತ ಕಾಣುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಕಳೆದರೂ ಅನುಮಾನಕ್ಕೆ ಜಾಗವಿತ್ತು! 1976ರಲ್ಲಿ ನ್ಯೂಜಿಲೆಂಡಿನ ಒಂದು ತಂಡ, ಎರಡು ಎಳೆಗಳು ಒಂದನ್ನೊಂದು ಸುತ್ತದೆ ಅಕ್ಕಪಕ್ಕದಲ್ಲೇ ಇರಬಹುದಲ್ಲ ಅಂದಿತು. ಅದೇ ವರ್ಷ ಇದೇ ಟಾಟಾ ಇನ್ಸ್‌ಟಿಟ್ಯೂಟ್‌ನ ವಿ. ಶಶಿಶೇಖರನ್ ತಂಡವೂ ಸ್ವತಂತ್ರವಾಗಿ ಅಂಥದ್ದೇ ಮಾತು ಹೇಳಿತು. ಪ್ರೊಟೀನುಗಳ ರಾಮಚಂದ್ರನ್ ನಕ್ಷೆಯ 1963ರ ಲೇಖನದಲ್ಲಿ ಜಿ.ಎನ್. ರಾಮಚಂದ್ರನ್ ಜತೆ ಹೆಸರಿರುವ ಶಶಿಶೇಖರನ್ ಇವರೇ. ಸುಮ್ಮನೆ ತಳ್ಳಿಹಾಕುವ ಮಾತಲ್ಲ ಅಂತಾಯಿತು.

ವಿಶ್ವಾಮಿತ್ರರು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತಿತರರ ಜತೆ ಸೇರಿ ಮಾಡಿದ್ದು ಬೇರೆ ಕೆಲಸ. ನಾಲ್ಕೇ ಅಕ್ಷರದ ಡಿಎನ್‌ಎ ತುಣುಕು, ಎ-ಟಿ-ಎ-ಟಿ. ಅದರ ಹರಳಿನ ರಚನೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ, 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಹೆಸರು ವಿಶ್ವಾಮಿತ್ರರದೇ. ಅಕ್ಷರಗಳು ವಾಟ್ಸನ್-ಕ್ರಿಕ್ ಹೇಳಿದಂತೆಯೇ ಜೋಡಿಯಾಗಿದ್ದವು, ಸುರುಳಿ ಬಲಕ್ಕೇ ತಿರುಗಿತ್ತು. ಆರ್‌ಎನ್‌ಎ ತುಣುಕುಗಳಲ್ಲಿ ಇಂಥದ್ದು 1973ರಲ್ಲೇ ಕಂಡಿತ್ತು, ಡಿಎನ್‌ಎಯಲ್ಲಿ ಇದು ಹೊಸದು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಬೆನ್ನೆಲುಬಿನಲ್ಲಿರುವ ಸಕ್ಕರೆಯ ಉಂಗುರ 'ಎ' ಬಳಿ ಒಂದು ರೀತಿ, 'ಟಿ' ಬಳಿ ಇನ್ನೊಂದು ರೀತಿ ಮಡಚಿಕೊಂಡಿತ್ತು. ಅಂದರೆ ಡಿಎನ್‌ಎ ಉದ್ದಕ್ಕೂ ಒಂದೇ ಅಚ್ಚಿನ ಏಣಿಯಲ್ಲ, ಯಾವ ಅಕ್ಷರದ ಪಕ್ಕ ಯಾವುದಿದೆ ಅನ್ನುವುದರ ಮೇಲೆ ಅದರ ಆಕಾರವೂ ಬದಲಾಗುತ್ತದೆ. 1979ರಲ್ಲಿ ಏರನ್ ಕ್ಲುಗ್ ಮತ್ತಿತರರು ಇದೇ ಎಳೆ ಹಿಡಿದು, ಜೀನ್‌ಗಳನ್ನು ಹತ್ತಿಕ್ಕುವ ಲ್ಯಾಕ್ ರಿಪ್ರೆಸರ್ ಎಂಬ ಪ್ರೊಟೀನು ಎ-ಟಿ ಎ-ಟಿ ಅಂತ ಸಾಗುವ ಡಿಎನ್‌ಎಯನ್ನು ಗಟ್ಟಿಯಾಗಿ ಹಿಡಿಯುವುದೇಕೆ ಅಂತ ವಿವರಿಸಲು ನೋಡಿದರು.

ಆದರೆ ಕಾಲ ಅವರಿಗೆ ಬಿಡುವು ಕೊಡಲಿಲ್ಲ. 1979ರ ಡಿಸೆಂಬರಿನಲ್ಲಿ ಅಲೆಕ್ಸಾಂಡರ್ ರಿಚ್ ತಂಡದ ಎಡಕ್ಕೆ ತಿರುಗುವ ಝಡ್-ಡಿಎನ್‌ಎ ಬಂತು, 1980ರಲ್ಲಿ ರಿಚರ್ಡ್ ಡಿಕರ್ಸನ್ ತಂಡದ ಹನ್ನೆರಡು ಅಕ್ಷರದ ಪೂರ್ಣ ಸುತ್ತು ಬಂತು. ಪಠ್ಯಪುಸ್ತಕಗಳು ಆಮೇಲೆ ಹಿಡಿದದ್ದು ಇವೆರಡನ್ನೇ. ಡಿಕರ್ಸನ್ ತುಣುಕು ನಿಜಕ್ಕೂ ಹೆಚ್ಚು ಉಪಯುಕ್ತ, ಅದರಲ್ಲಿ ಮೋಸವೇನಿಲ್ಲ. ಆದರೆ ಹೊಸದನ್ನು ಉಲ್ಲೇಖಿಸಿದವರು ಅದರ ಹಿಂದಿನದನ್ನೂ ಉಲ್ಲೇಖಿಸಬೇಕು ಅನ್ನುವ ಕಾನೂನು ಇಲ್ಲವಲ್ಲ!

ಇನ್ನೂ ಒಂದು ತಮಾಷೆಯಿದೆ. ಬಹಳ ಪ್ರಸಿದ್ಧವಾದ ಕೆಲಸವನ್ನೂ ಜನ ಉಲ್ಲೇಖಿಸುವುದು ಬಿಡುತ್ತಾರೆ. ಪ್ರೊಟೀನಿನ ರಚನೆ ಪರೀಕ್ಷಿಸುವ ಸಾಫ್ಟ್‌ವೇರಿನಲ್ಲಿ ರಾಮಚಂದ್ರನ್ ನಕ್ಷೆ ಬರುತ್ತದೆ, ಆದರೆ 1963ರ ಲೇಖನದ ಹೆಸರು ಹಾಕುವವರು ಎಷ್ಟು ಮಂದಿ?

ಈಗ ನಮ್ಮ ಕಡೆಯಿಂದ ಬಯೋಟೆಕ್ ಓದಿ ಪಿಎಚ್‌ಡಿಗೆ ಹೋಗುವ ಹುಡುಗ ಹುಡುಗಿಯರನ್ನು ಕೆಲಸದ ಸಂದರ್ಶನದಲ್ಲಿ ಕೇಳುವುದು ಎಚ್-ಇಂಡೆಕ್ಸ್ ಎಷ್ಟು ಅಂತ. ಅದು 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ. ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖವಿದ್ದರೆ ಹತ್ತು. ಒಂದೇ ಲೇಖನದಿಂದ ಇಡೀ ವಿಷಯದ ದಿಕ್ಕು ತಿರುಗಿಸಿದರೂ ಅದರಿಂದ ಸಿಗುವುದು ಒಂದೇ!

ಗಾರ್ಫೀಲ್ಡರ ಹಳೆಯ ಸಂಪುಟಗಳಲ್ಲಂತೂ ಉಲ್ಲೇಖಗಳನ್ನು ಜೋಡಿಸುತ್ತಿದ್ದದ್ದು ಲೇಖನದ ಮೊದಲ ಲೇಖಕರ ಹೆಸರಿನಡಿಯಲ್ಲಿ ಮಾತ್ರ. ಲ್ಯಾಕ್ ರಿಪ್ರೆಸರ್ ಬಗ್ಗೆ ಹೇಳಿದೆನಲ್ಲ, ಆ 1979ರ ಲೇಖನದಲ್ಲಿ ವಿಶ್ವಾಮಿತ್ರರದು ಮೂರನೇ ಹೆಸರು. ಅದಕ್ಕೆ ಬಂದ ಉಲ್ಲೇಖಗಳೆಲ್ಲ ಆ ಸಂಪುಟಗಳಲ್ಲಿ 'ಕ್ಲುಗ್' ಅನ್ನುವಲ್ಲಿ ಕೂತಿವೆ.