ಅವಳಿ ಕೂಸುಗಳ ನಿದ್ದೆ: ಒಂದು ಹಳೆಯ ಚರಿತ್ರೆ



ಕೆಲವು ತಿಂಗಳುಗಳಿಂದ ನಾನೇನೂ ಬರೆದಿರಲಿಲ್ಲ. ‘ಮಾಸ್ತರರು ಏಕೆ ಮೌನವಾಗಿದ್ದಾರೆ?’ ಎಂದು ನಿಮ್ಮಲ್ಲಿ ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ಕಾರಣ ಸಂತೋಷದ್ದೇ. ನನ್ನ ಕಿರಿಯ ಮಗಳಿಗೆ ಅವಳಿ ಹೆಣ್ಣು ಕೂಸುಗಳು ಜನಿಸಿದವು. ಬಾಣಂತನ ನಮ್ಮ ಮನೆಯಲ್ಲಿಯೇ. ಮೂವತ್ತಮೂರು ವರ್ಷ ಗದ್ದಲದ ತರಗತಿಗಳನ್ನು ಒಂದೇ ಕೆಮ್ಮಿನಿಂದ ಸುಮ್ಮನಾಗಿಸಿದ ನನಗೆ, ತಲಾ ಎರಡೂವರೆ ಕಿಲೋ ತೂಗದ ಈ ಇಬ್ಬರನ್ನು ಸುಮ್ಮನಾಗಿಸಲು ಆಗಲಿಲ್ಲ ಎಂಬುದನ್ನು ವಿನಯಪೂರ್ವಕ ಒಪ್ಪಿಕೊಳ್ಳುತ್ತೇನೆ.

ಒಂದು ಕೂಸಿದ್ದ ಮನೆಯ ರಾತ್ರಿಯೇ ಬೇರೆ, ಎರಡಿರುವ ಮನೆಯ ರಾತ್ರಿಯೇ ಬೇರೆ. ಒಂದು ಹಾಲು ಕುಡಿದು ಕಣ್ಣು ಮುಚ್ಚುವಷ್ಟರಲ್ಲಿ ಮತ್ತೊಂದು ಎಚ್ಚರಗೊಳ್ಳುವುದು. ಅದರ ಅಳುವಿಗೆ ಮೊದಲನೆಯದು ಬೆಚ್ಚಿ ಏಳುವುದು. ಹನ್ನೆರಡನೆಯ ದಿನದ ರಾತ್ರಿ ಎರಡು ಗಂಟೆಯ ಸುಮಾರಿಗೆ ಮಗಳು ತಾನೇ ಅಳತೊಡಗಿದಳು. ‘ಅಪ್ಪಾ, ನನಗೆ ಇರುವುದು ಎರಡೇ ಕೈ’ ಎಂದಳು. ಆ ಮಾತಿಗೆ ಉತ್ತರ ನನ್ನಲ್ಲಿರಲಿಲ್ಲ.

ಮರುದಿನ ನೋಡಲು ಬಂದ ಹಿರಿಯರೊಬ್ಬರು, ‘ಜಾಯಿಕಾಯಿ ತೇದು ನಾಲಗೆಗೆ ಸವರಿರಿ, ರಾತ್ರಿಯೆಲ್ಲ ಮಲಗುತ್ತವೆ’ ಎಂದು ಸಲಹೆಯಿತ್ತರು. ನಮ್ಮ ಸೀಮೆಯಲ್ಲಿ ಇದು ಹೊಸ ಮಾತಲ್ಲ. ನನ್ನ ಹೆಂಡತಿ ಸಾಣೆಕಲ್ಲು ಹುಡುಕಲು ಎದ್ದೂ ಬಿಟ್ಟಳು. ಆಗ ಒಳಕೋಣೆಯಿಂದ ನನ್ನ ತಾಯಿಯ ದನಿ ಬಂದಿತು. ಆಕೆಗೆ ಈಗ ಎಂಬತ್ತೆಂಟು. ಕಿವಿ ಮಂದ. ಆದರೂ ಅದು ಹೇಗೆ ಕೇಳಿಸಿತೋ! ‘ಬ್ಯಾಡ. ಕೂಸಿನ ಬಾಯಾಗ ಏನೂ ಹಾಕಬ್ಯಾಡ್ರಿ’ ಎಂದಳು. ಆ ದನಿಯಲ್ಲಿದ್ದ ಭೀತಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅಂದು ಸಂಜೆ ಆಕೆಯ ಬಳಿ ಕುಳಿತಾಗ, ನನ್ನ ಅರವತ್ತಾರು ವರ್ಷಗಳಲ್ಲಿ ಒಮ್ಮೆಯೂ ಕೇಳಿರದ ಸಂಗತಿಯೊಂದನ್ನು ಹೇಳಿದಳು. 1946ರಲ್ಲಿ ನನ್ನ ಅಜ್ಜಿಗೂ ಅವಳಿ ಗಂಡುಮಕ್ಕಳು ಜನಿಸಿದ್ದವಂತೆ. ಹಾವೇರಿಯ ಸಮೀಪದ ಹಳ್ಳಿ. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹತ್ತಿ ಬಿಡಿಸುವ ಕಾಲ. ಮನೆಯವರೆಲ್ಲ ಹೊಲದಲ್ಲಿ, ಅಜ್ಜಿಗೆ ಜ್ವರ. ಎರಡು ಕೂಸುಗಳನ್ನು ತೂಗುವ ಹೊಣೆ ಒಂಬತ್ತು ವರ್ಷದ ನನ್ನ ತಾಯಿಯ ಮೇಲೆ ಬಿದ್ದಿತು. ಕೂಸುಗಳು ಮೂರು ರಾತ್ರಿ ಎಡೆಬಿಡದೆ ಅತ್ತಾಗ, ನೆರೆಯ ಮುದುಕಿಯೊಬ್ಬಳು ಸಾಸಿವೆ ಕಾಳಿನಷ್ಟು ಅಫೀಮನ್ನು ತಾಯಹಾಲಿನಲ್ಲಿ ಕರಗಿಸಿ ಎರಡಕ್ಕೂ ನೆಕ್ಕಿಸಿದಳು. ಆಕೆ ಕೆಡುಕಿಯಲ್ಲ, ತನ್ನ ಮಕ್ಕಳನ್ನೂ ಹಾಗೆಯೇ ಬೆಳೆಸಿದ್ದವಳು. ಆ ರಾತ್ರಿ ಕೂಸುಗಳು ಅಳಲಿಲ್ಲ. ತೊಟ್ಟಿಲ ಹಗ್ಗ ಹಿಡಿದಿದ್ದ ಹುಡುಗಿಯೂ ನಿದ್ದೆ ಹೋದಳು. ಬೆಳಗಾದಾಗ ಒಂದು ಕೂಸು ಎದ್ದಿತು; ಇನ್ನೊಂದು ಏಳಲಿಲ್ಲ.

‘ನಾ ತೂಗೋದು ಬಿಟ್ಟು ಮಲಕ್ಕೊಂಡೆ. ಅದಕ್ಕ ಹೋತು’ ಎಂದಳು ನನ್ನ ತಾಯಿ. ಸುಮಾರು ಎಂಬತ್ತು ವರ್ಷಗಳ ಕಾಲ ಆಕೆ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬದುಕಿದ್ದಳು.

ನಾನು ಚರಿತ್ರೆಯ ಮಾಸ್ತರ. ನನಗೆ ತಿಳಿದ ಸಾಂತ್ವನವೆಂದರೆ ಪುಸ್ತಕ ತೆರೆಯುವುದು. ಕೂಸುಗಳು ಮಲಗಿದ ಅಲ್ಪ ಸಮಯದಲ್ಲಿ ಓದಿದ್ದನ್ನೂ ಹಿಂದೆ ಓದಿ ಮರೆತಿದ್ದನ್ನೂ ಇಲ್ಲಿ ಒಪ್ಪವಾಗಿ ಬರೆಯಲು ಯತ್ನಿಸುತ್ತೇನೆ.

ಕೂಸಿಗೆ ಅಫೀಮು ಕೊಡುವುದು ನಮ್ಮ ಹಳ್ಳಿಯ ಒಬ್ಬ ಮುದುಕಿಯ ಮೌಢ್ಯವಾಗಿರಲಿಲ್ಲ. ಬ್ರಿಟಿಷ್ ಸರಕಾರಕ್ಕೆ ಅಫೀಮು ದೊಡ್ಡ ಆದಾಯದ ಮೂಲವಾಗಿತ್ತು. ಪರವಾನಗಿ ಪಡೆದ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತಿತ್ತು. 1893ರಲ್ಲಿ ನೇಮಕವಾದ ಅಫೀಮು ರಾಯಲ್ ಕಮಿಷನ್ ದೇಶದ ನಾನಾ ಕಡೆ ಸಾಕ್ಷ್ಯ ಸಂಗ್ರಹಿಸಿ 1895ರಲ್ಲಿ ವರದಿ ನೀಡಿತು. ತಾಯಂದಿರು ಎಳೆಗೂಸುಗಳಿಗೆ ಅಫೀಮು ಕೊಡುವ ಸಂಗತಿ ಆ ಸಾಕ್ಷ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂಬಯಿಯಲ್ಲಿ ಇದಕ್ಕೆಂದೇ ಮಾಡಿದ ಗುಳಿಗೆಗಳಿದ್ದವು. ಅವುಗಳ ಹೆಸರು ‘ಬಾಲಗೋಲಿ’. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರ ಹೆರಿಗೆಯ ಸ್ಥಿತಿಗತಿಯನ್ನು ಕುರಿತು 1920ರ ದಶಕದ ಆರಂಭದಲ್ಲಿ ವಿಚಾರಣೆ ನಡೆಸಿದ ಡಾ. ಬಾರ್ನ್ಸ್ ಎಂಬ ವೈದ್ಯೆಯು, ಆ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ರಷ್ಟಕ್ಕೆ ಅಫೀಮು ಕೊಡಲಾಗುತ್ತಿತ್ತೆಂದು ವರದಿ ಮಾಡಿದರು. ತಾಯಿ ಇಡೀ ದಿನ ಗಿರಣಿಯಲ್ಲಿ, ಕೂಸನ್ನು ಎತ್ತಿಕೊಳ್ಳುವವರಿಲ್ಲ. ಎತ್ತಿಕೊಳ್ಳುವ ಕೈಗೆ ಬದಲಾಗಿ ಗುಳಿಗೆ ಬಂದಿತು.

ಇದು ನಮ್ಮ ದೇಶದ ಕಥೆ ಮಾತ್ರ ಎಂದೂ ತಿಳಿಯಬೇಡಿ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ನಾನು ನಿಮಗೆ ಹಬೆಯಂತ್ರದ ಬಗೆಗೂ ನೂಲುವ ಯಂತ್ರದ ಬಗೆಗೂ ಹೇಳಿದ್ದೆನಷ್ಟೆ. ಹೇಳದೆ ಬಿಟ್ಟದ್ದು ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಪಾನಕವನ್ನು. ಅಫೀಮು ಬೆರೆಸಿದ ಈ ಸಿಹಿದ್ರವವನ್ನು ಇಂಗ್ಲೆಂಡಿನ ಗಿರಣಿ ಪಟ್ಟಣಗಳ ತಾಯಂದಿರು ಕೂಸುಗಳಿಗೆ ಕುಡಿಸುತ್ತಿದ್ದರು. ಫ್ರೆಡ್ರಿಕ್ ಎಂಗೆಲ್ಸ್ 1845ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ದುಡಿಯುವ ವರ್ಗವನ್ನು ಕುರಿತ ಗ್ರಂಥದಲ್ಲಿ ಇದನ್ನು ಹೆಸರಿಸಿಯೇ ಖಂಡಿಸಿದ್ದಾನೆ. ಅಮೆರಿಕೆಯಲ್ಲಿ 1849ರಿಂದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಮಾರ್ಫಿನ್, ಅಂದರೆ ಅಫೀಮಿನ ಸಾರವೇ. ನಗುವ ತಾಯಿ, ದುಂಡುಗೆನ್ನೆಯ ಕೂಸು, ಇವರ ಬಣ್ಣದ ಚಿತ್ರಗಳು ಅದರ ಜಾಹೀರಾತು. 1906ರ ಆಹಾರ ಮತ್ತು ಔಷಧ ಶುದ್ಧತೆಯ ಕಾಯಿದೆಯು ಇಂತಹ ಪದಾರ್ಥಗಳನ್ನು ಶೀಷೆಯ ಮೇಲೆ ಮುದ್ರಿಸಬೇಕೆಂದು ಕಡ್ಡಾಯಗೊಳಿಸಿತು. 1911ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘವು ಇದನ್ನು ‘ಕೂಸುಗಳನ್ನು ಕೊಲ್ಲುವ’ ಔಷಧಿಗಳ ಸಾಲಿಗೇ ಸೇರಿಸಿತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಅಫೀಮು ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗವನ್ನು ಕುಗ್ಗಿಸುತ್ತದೆ. ಎಳೆಗೂಸಿನ ಯಕೃತ್ತಿಗೆ ಅದನ್ನು ಬೇಗ ಹೊರಹಾಕುವ ಶಕ್ತಿಯಿಲ್ಲ. ಒಂದು ಕೂಸು ತಾಳಿಕೊಂಡ ಪ್ರಮಾಣವನ್ನು ಅದರ ಜೊತೆಗೇ ಹುಟ್ಟಿದ, ತುಸು ಸಣ್ಣದಾದ ಇನ್ನೊಂದು ತಾಳಿಕೊಳ್ಳದೆ ಹೋಗಬಹುದು. ಬದುಕಿ ಉಳಿದವೂ ಹಸಿವು ತೋರದೆ ಸೊರಗುತ್ತಿದ್ದವು. ಹೊರಗಿನಿಂದ ನೋಡುವವರಿಗೆ ಅದು ‘ಒಳ್ಳೆಯ ನಿದ್ದೆ’. ಸ್ವತಂತ್ರ ಭಾರತ 1949ರಲ್ಲಿ, ವೈದ್ಯರ ಸಲಹೆಯಿಲ್ಲದ ಅಫೀಮು ಸೇವನೆಯನ್ನು ಹತ್ತು ವರ್ಷಗಳಲ್ಲಿ ಕ್ರಮವಾಗಿ ಕೊನೆಗಾಣಿಸಲು ನಿರ್ಧರಿಸಿತು. ನಮ್ಮ ಅಜ್ಜಿಯ ಕೂಸಿಗೆ ಆ ನಿರ್ಧಾರ ಮೂರು ವರ್ಷ ತಡವಾಗಿ ಬಂದಿತು.

ಅಫೀಮಿಗಿಂತ ಸೌಮ್ಯವಾದ ಶೀಷೆಗಳೂ ಇದ್ದವು. ನಮ್ಮ ಮನೆಗಳಲ್ಲೆಲ್ಲ ಪರಿಚಿತವಾದ ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ತಯಾರಿಸಿದ್ದು. ಸಬ್ಬಸಿಗೆಯ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ ಇವುಗಳ ಜೊತೆಗೆ ಹಳೆಯ ಪಾಕದಲ್ಲಿ ನೂರಕ್ಕೆ 3.6ರಷ್ಟು ಮದ್ಯಸಾರವೂ ಇತ್ತು! ಮುಂದೆ ಅದನ್ನು ಕೈಬಿಡಲಾಯಿತು. ನಮ್ಮ ಮನೆಯ ಜಾಯಿಕಾಯಿಯನ್ನು ಕುರಿತು ವೈದ್ಯರನ್ನೇ ಕೇಳಿದೆ. ‘ಅದರಲ್ಲಿಯೂ ಮತ್ತು ತರಿಸುವ ಅಂಶವಿದೆ, ಎಷ್ಟು ತೇದರೆ ಎಷ್ಟು ಇಳಿಯುತ್ತದೆಂಬ ಲೆಕ್ಕವಿಲ್ಲ, ಆರು ತಿಂಗಳವರೆಗೆ ತಾಯಹಾಲಿನ ಹೊರತು ಬೇರೇನೂ ಬೇಡ’ ಎಂದರು.

ಶೀಷೆಯ ಯುಗ ಇಳಿಯುತ್ತಿದ್ದಂತೆ ಗಡಿಯಾರದ ಯುಗ ಏರಿತು. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಸ್ಥಾಪಿಸಿದ ಡಾ. ಟ್ರೂಬಿ ಕಿಂಗ್, ಕೂಸಿಗೆ ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ ಎಂಬ ಶಿಸ್ತನ್ನು ಬೋಧಿಸಿದರು. ಅಮೆರಿಕೆಯ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರ ತಮ್ಮ ಪುಸ್ತಕದಲ್ಲಿ ಮಕ್ಕಳನ್ನು ಮುದ್ದಿಸುವುದೇ ಕೂಡದೆಂದರು. 1946ರಲ್ಲಿ ಡಾ. ಬೆಂಜಮಿನ್ ಸ್ಪಾಕ್ ಅವರ ಗ್ರಂಥ ಬಂದ ಮೇಲೆ ಪಾಲಕರು ತುಸು ನಿಟ್ಟುಸಿರುಬಿಟ್ಟರು. ನಮ್ಮ ಹಳ್ಳಿಯ ಆ ತೊಟ್ಟಿಲಿನ ವರ್ಷವೂ ಅದೇ 1946 ಎಂಬುದು ಓದುವಾಗ ನನ್ನನ್ನು ಕಲಕಿತು. ಆ ಸಹೃದಯ ವೈದ್ಯರೂ ಒಂದು ವಿಷಯದಲ್ಲಿ ಎಡವಿದರು: ಮುಂದಿನ ಆವೃತ್ತಿಗಳಲ್ಲಿ ಕೂಸನ್ನು ಬೋರಲಾಗಿ ಮಲಗಿಸಲು ಹೇಳಿದರು. 1990ರ ದಶಕದಲ್ಲಿ ಬ್ರಿಟನ್, ಅಮೆರಿಕ ಮುಂತಾದೆಡೆ ಅಂಗಾತ ಮಲಗಿಸುವ ಅಭಿಯಾನ ನಡೆದ ಮೇಲೆ ಹಠಾತ್ ಶಿಶುಮರಣಗಳು ಬಹುವಾಗಿ ಇಳಿದವು. ಹಿರಿಯರ ಮಾತೆಂಬ ಕಾರಣಕ್ಕಾಗಲಿ, ಪುಸ್ತಕದ ಮಾತೆಂಬ ಕಾರಣಕ್ಕಾಗಲಿ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದು ಇದರ ಪಾಠ.

ಹಾಗಾದರೆ ಕೂಸುಗಳು ರಾತ್ರಿ ಏಕೆ ಮಲಗುವುದಿಲ್ಲ? ನವಜಾತ ಶಿಶು ದಿನಕ್ಕೆ ಸುಮಾರು ಹದಿನಾರು ಗಂಟೆ ನಿದ್ರಿಸುತ್ತದೆ; ಆದರೆ ತುಂಡುತುಂಡಾಗಿ. ಹಗಲು ಇರುಳುಗಳ ಭೇದ ಅದರ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕು. 1962ರಲ್ಲಿ ಅಮೆರಿಕೆಯ ಶಿಶುವೈದ್ಯ ಟಿ. ಬೆರಿ ಬ್ರೆಜೆಲ್ಟನ್ 80 ಕೂಸುಗಳ ಅಳುವನ್ನು ತಾಯಂದಿರಿಂದ ದಿನವಹಿ ಬರೆಯಿಸಿದರು. ಅಳು ಆರನೆಯ ವಾರದವರೆಗೆ ಏರುತ್ತದೆ, ಆಗ ದಿನಕ್ಕೆ ಮೂರು ಗಂಟೆಯ ಸಮೀಪ ಮುಟ್ಟುತ್ತದೆ, ಅನಂತರ ತಾನಾಗಿಯೇ ಇಳಿಯುತ್ತದೆ ಎಂದು ಕಂಡುಬಂದಿತು. ಕ್ಷೇಮವಾಗಿರುವ ಕೂಸೂ ಅಳುತ್ತದೆ. ಅದು ತಾಯಿಯ ತಪ್ಪಲ್ಲ. ಇದನ್ನು ಮಗಳಿಗೆ ಓದಿ ಹೇಳಿದಾಗ ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಆರನೆಯ ವಾರಕ್ಕೆ ಒಂದು ವೃತ್ತ ಬರೆದಳು.

ಅಳುವನ್ನು ಕಡಿಮೆ ಮಾಡುವ ಉಪಾಯವೂ ಪುಸ್ತಕಗಳಲ್ಲಿ ಸಿಕ್ಕಿತು. ಅದು ನಮ್ಮ ಅಜ್ಜಿಯರಿಗೆ ಗೊತ್ತಿದ್ದುದೇ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಂಜಿಕರ್ ಮತ್ತು ಬಾರ್ ಎಂಬ ಸಂಶೋಧಕರು, ಅಳದಿರುವಾಗಲೂ ಕೂಸನ್ನು ಹೆಚ್ಚು ಹೊತ್ತು ಎತ್ತಿಕೊಂಡರೆ ಆರನೆಯ ವಾರದ ಅಳು ನೂರಕ್ಕೆ 43ರಷ್ಟು ಇಳಿಯುತ್ತದೆಂದು ತೋರಿಸಿದರು. 2022ರಲ್ಲಿ ಜಪಾನಿನ ಸಂಶೋಧಕರು ಇನ್ನೂ ಸೂಕ್ಷ್ಮವಾಗಿ ಅಳೆದರು: ಅಳುವ ಕೂಸನ್ನೆತ್ತಿ ಐದು ನಿಮಿಷ ನಿಲ್ಲದೆ ನಡೆಯಬೇಕು, ಅದು ನಿದ್ರಿಸಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ಅನಂತರ ಮಲಗಿಸಬೇಕು.

ಅವಳಿಗಳ ವಿಷಯದಲ್ಲಿ 1995ರ ಒಂದು ಘಟನೆ ಜಗತ್ತಿನಾದ್ಯಂತ ಹೆಸರಾಯಿತು. ಅಮೆರಿಕೆಯ ವುಸ್ಟರ್ ಎಂಬ ಊರಿನ ಆಸ್ಪತ್ರೆಯಲ್ಲಿ ಹನ್ನೆರಡು ವಾರ ಮುಂಚಿತವಾಗಿ ಹುಟ್ಟಿದ ಅವಳಿಗಳಲ್ಲಿ ಒಂದರ ಸ್ಥಿತಿ ವಿಷಮಿಸಿದಾಗ, ದಾದಿಯೊಬ್ಬಳು ಅದನ್ನು ಅಕ್ಕನ ಪೆಟ್ಟಿಗೆಯಲ್ಲೇ ಮಲಗಿಸಿದಳು. ಅಕ್ಕ ಪುಟ್ಟ ಕೈಯನ್ನು ತಂಗಿಯ ಮೇಲೆ ಹಾಕಿದ ಭಾವಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆದರೆ ಅದು ದಾದಿಯರು ಹಗಲಿರುಳು ಕಾಯುವ ಸ್ಥಳ. ಮನೆಯಲ್ಲಿ ಅವಳಿಗಳನ್ನು ಬೇರೆ ಬೇರೆ ಹಾಸಿಗೆಯಲ್ಲಿ, ಅಂಗಾತವಾಗಿ, ದಿಂಬು ದುಪ್ಪಟಿಗಳಿಲ್ಲದೆ ಮಲಗಿಸಬೇಕೆಂಬುದೇ ಇಂದಿನ ಶಿಶುವೈದ್ಯರ ಸಲಹೆ. ಅಪ್ಪುಗೆಯ ಕೆಲಸ ಎಚ್ಚರವಿರುವ ದೊಡ್ಡವರದು.

ನಾವು ಮಾಡಿದ್ದು ಇಷ್ಟೇ. ಒಂದು ಎದ್ದರೆ ಮತ್ತೊಂದನ್ನೂ ಎಬ್ಬಿಸಿ ಎರಡಕ್ಕೂ ಒಟ್ಟಿಗೆ ಹಾಲು. ರಾತ್ರಿ ಮಂದ ಬೆಳಕು, ಮಾತಿಲ್ಲ. ಹಗಲು ಕಿಟಕಿ ತೆರೆದ ಬೆಳಕು. ಶಾಲೆಯಂತೆಯೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ: ಹತ್ತರಿಂದ ಒಂದು ನನ್ನ ಹೆಂಡತಿ, ಒಂದರಿಂದ ನಾಲ್ಕು ನಾನು, ಅನಂತರ ಅಳಿಯ. ಹಾಲಿನ ಹೊತ್ತಿಗೆ ಮಾತ್ರ ಮಗಳನ್ನು ಎಬ್ಬಿಸುವುದು. ಪಡಸಾಲೆಯಲ್ಲಿ ಮೊಮ್ಮಗಳನ್ನೆತ್ತಿ ನಡೆಯುತ್ತ ಐದು ನಿಮಿಷ ಎಣಿಸುವಾಗ ರಾಷ್ಟ್ರಕೂಟ ಅರಸರ ಹೆಸರುಗಳನ್ನು ಕ್ರಮವಾಗಿ ಹೇಳುತ್ತಿದ್ದೆ. ಅಮೋಘವರ್ಷ ಬರುವಷ್ಟರಲ್ಲಿ ಅವಳಿಗೆ ನಿದ್ದೆ. (ನಿಮ್ಮಲ್ಲಿ ಕೆಲವರಿಗೂ ಹಾಗೆಯೇ ಆಗುತ್ತಿತ್ತೆಂದು ಬಲ್ಲೆ.)

ಇದನ್ನೆಲ್ಲ ಓದಿ ಮುಗಿಸಿದ ದಿನ ತಾಯಿಯ ಪಕ್ಕದಲ್ಲಿ ಕುಳಿತು, ಕಿವಿಯ ಬಳಿ ಬಾಗಿ ಹೇಳಿದೆ: ‘ಅವ್ವಾ, ನೀನು ಮಲಗಿದ್ದರಿಂದ ಆ ಕೂಸು ಹೋಗಲಿಲ್ಲ. ಹೋದದ್ದು ಅಫೀಮಿನಿಂದಲೇ ಇರಬೇಕು. ಬೆಳಗಿನವರೆಗೆ ತೂಗಿದ್ದರೂ ನಿನ್ನಿಂದ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಮುಂಬಯಿಯಲ್ಲಿ, ವಿಲಾಯತಿಯಲ್ಲಿ, ಅಮೆರಿಕೆಯಲ್ಲಿ ಎಲ್ಲೆಲ್ಲೂ ಹೀಗಾಗಿದೆ. ನೀನು ಒಂಬತ್ತು ವರ್ಷದ ಹುಡುಗಿ.’ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ ಕೇಳಿದ್ದು ಒಂದೇ ಮಾತು: ‘ಪುಸ್ತಕದಾಗ ಹಂಗ ಬರದಾರೇನು?’ ‘ಬರೆದಿದ್ದಾರೆ’ ಎಂದೆ. ಆಮೇಲೆ ‘ಒಂದನ್ನ ಇಲ್ಲಿ ಕೊಡು’ ಎಂದು ಕೈ ಚಾಚಿದಳು. ಕೂಸುಗಳು ಮನೆಗೆ ಬಂದು ಮೂರು ವಾರವಾಗಿದ್ದರೂ ಅಲ್ಲಿಯವರೆಗೆ ಆಕೆ ಅವುಗಳನ್ನು ಮುಟ್ಟಿರಲಿಲ್ಲ. ವೃದ್ಧಾಪ್ಯದ ನಿಶ್ಶಕ್ತಿ ಎಂದು ನಾವು ಭಾವಿಸಿದ್ದೆವು.

ನಿಮ್ಮ ಮನೆಗಳಲ್ಲಿ, ನೆರೆಯಲ್ಲಿ, ಅಮೆರಿಕೆಯ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೋ ಎರಡೋ ಕೂಸುಗಳನ್ನು ಒಬ್ಬಳೇ ಸಂತೈಸುತ್ತಿರುವ ತಾಯಿ ಇರಬಹುದು. ಆಕೆಗೆ ಔಷಧಿಯ ಹೆಸರು ಹೇಳಬೇಡಿ, ಉಪದೇಶವನ್ನೂ ಮಾಡಬೇಡಿ. ಹೋಗಿ ಒಂದು ಕೂಸನ್ನು ಎರಡು ತಾಸು ಎತ್ತಿಕೊಳ್ಳಿರಿ, ಆಕೆ ಮಲಗಲಿ.

ಈಗ ಆರನೆಯ ವಾರ ಕಳೆದಿದೆ. ಒಂದು ಗಂಟೆ ಹೊಡೆಯಿತು. ನನ್ನ ಪಾಳಿ ಬಂದಿತು. ಎಲ್ಲರಿಗೂ ಶುಭವಾಗಲಿ.