ವಿಕ್ರಯಾನಂತರ ಸ್ವಾಮಿತ್ವ: ಮೋಟಾರುಸೈಕಲ್ಲಿನ ವಾರಂಟಿಯ ಚರಿತ್ರೆ

ಮಾರಿದವನ ಹೊಣೆಯು ಎಲ್ಲಿಗೆ ಮುಗಿಯುವುದು, ಕೊಂಡವನ ಸ್ವಾಮಿತ್ವವು ಎಲ್ಲಿಂದ ಮೊದಲಾಗುವುದು ಎಂಬ ಪ್ರಶ್ನೆಯು ವ್ಯವಹಾರಶಾಸ್ತ್ರದಷ್ಟೇ ಪ್ರಾಚೀನವಾದುದು. ಯಂತ್ರಯುಗದಲ್ಲಿ ಈ ಪ್ರಶ್ನೆಯು ಹೊಸದೊಂದು ರೂಪವನ್ನು ತಾಳಿತು. ಮೋಟಾರುಸೈಕಲ್ಲನ್ನು ಪೂರ್ಣ ಮೂಲ್ಯವನ್ನು ತೆತ್ತು ಕೊಂಡವನು ಅದರ ಎಣ್ಣೆಯನ್ನು ತಾನೇ ಬದಲಾಯಿಸಬಹುದೆ? ಸವೆದ ಭಾಗದ ಸ್ಥಾನದಲ್ಲಿ ಬೇರೊಬ್ಬ ಕಾರ್ಖಾನೆಯವನ ಭಾಗವನ್ನು ಹಾಕಿಸಬಹುದೆ? ಹಾಗೆ ಮಾಡಿದ ಮಾತ್ರಕ್ಕೆ ತಯಾರಕನು ಕೊಟ್ಟ ವಾರಂಟಿ ಎಂಬ ಭರವಸೆಪತ್ರವು ಬಿದ್ದುಹೋಗುವುದೆ? ಈ ವಿಷಯವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಶಾಸನದ ಮೂಲಕವೂ ನಿರ್ಣಯಗಳ ಮೂಲಕವೂ ವಿಚಾರಕ್ಕೆ ಒಳಗಾದ ಕ್ರಮವು ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರಿಗೂ ಮನನಯೋಗ್ಯವಾಗಿದೆ. ಏಕೆಂದರೆ ಇಲ್ಲಿ ಸಮಸ್ತ ವಿವಾದವೂ ಒಂದು ವಾಕ್ಯದ ತಾತ್ಪರ್ಯವನ್ನು ಅವಲಂಬಿಸಿ ನಿಂತಿರುವುದು.

ಮೊದಲು ಪೂರ್ವಸ್ಥಿತಿಯನ್ನು ನೋಡತಕ್ಕದ್ದು. ನಮ್ಮ ಸ್ಮೃತಿಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು ಅಥವಾ ಹಿಂದಕ್ಕೆ ಪಡೆಯಬಹುದು ಎಂದು ಮನುವು ವಿಧಿಸುತ್ತಾನೆ. ಯಾಜ್ಞವಲ್ಕ್ಯನು ವಸ್ತುಭೇದದಿಂದ ಪರೀಕ್ಷಾಕಾಲವನ್ನು ಬೇರೆಬೇರೆಯಾಗಿ ಹೇಳುತ್ತಾನೆ: ಬೀಜಕ್ಕೆ ೧೦ ದಿನ, ಲೋಹಕ್ಕೆ ೧ ದಿನ, ಹೊರೆ ಹೊರುವ ಪ್ರಾಣಿಗೆ ೫ ದಿನ, ರತ್ನಕ್ಕೆ ೭ ದಿನ, ಕರೆಯುವ ಹಸುವಿಗೆ ೩ ದಿನ. ಈ ಎರಡು ವಚನಗಳಿಗೆ ತೋರುವ ವಿರೋಧವನ್ನು ಪರಿಹರಿಸಿದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕನ್ನಡನಾಡಿನ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು. ಮನುವು ಹೇಳಿದ ಹತ್ತು ದಿನಗಳ ಅವಧಿಯು ಲೋಹಾದಿಗಳನ್ನು ಬಿಟ್ಟು, ಉಪಭೋಗದಿಂದ ನಾಶವಾಗದ ಮನೆ, ಹೊಲ, ವಾಹನ, ಹಾಸಿಗೆ, ಪೀಠ ಮೊದಲಾದವುಗಳಿಗೆ ಅನ್ವಯಿಸುವುದೆಂದು ಅವನ ವ್ಯವಸ್ಥೆ. ಇದಿಷ್ಟೂ ಪರೀಕ್ಷಿಸದೆ ಕೊಂಡ ವಸ್ತುವಿನ ವಿಷಯ. ಚೆನ್ನಾಗಿ ಪರೀಕ್ಷಿಸಿ, ಹಿಂದಿರುಗಿಸುವುದಿಲ್ಲವೆಂದು ಸಮಯ ಮಾಡಿಕೊಂಡು ಕೊಂಡುದನ್ನು ಮರಳಿ ಕೊಡಲಾಗದೆಂದೂ ಅವನು ಹೇಳುತ್ತಾನೆ. ನಾರದನಾದರೋ ವಸ್ತುವು ಕೆಡದೆ ಇದ್ದರೆ ಅದೇ ದಿನ ಹಿಂದಿರುಗಿಸಬಹುದು, ಎರಡನೆಯ ದಿನವಾದರೆ ಮೂಲ್ಯದ ಮೂವತ್ತರಲ್ಲೊಂದು ಭಾಗ ನಷ್ಟ, ಮೂರನೆಯ ದಿನ ಅದರ ಇಮ್ಮಡಿ, ಆಮೇಲೆ ಅದು ಕೊಂಡವನದೇ ಎಂದು ನಿಯಮಿಸುತ್ತಾನೆ. ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಟ್ಟವನು ಮೂಲ್ಯದ ಇಮ್ಮಡಿಯನ್ನೂ ಅಷ್ಟೇ ದಂಡವನ್ನೂ ತೆರಬೇಕೆಂದು ಅವನ ಮತ.

ರೋಮಿನಲ್ಲಿಯೂ ಸಂತೆಯ ಅಧಿಕಾರಿಗಳಾದ ಈಡೈಲರು ಹೊರಡಿಸಿದ ಶಾಸನದಂತೆ ದಾಸರನ್ನೂ ಪಶುಗಳನ್ನೂ ಮಾರುವವನು ಅವರ ದೋಷಗಳನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳದಿದ್ದರೆ ಆರು ತಿಂಗಳೊಳಗೆ ವಿಕ್ರಯವನ್ನು ಮುರಿಯುವುದಕ್ಕೂ ಒಂದು ವರ್ಷದೊಳಗೆ ಬೆಲೆಯನ್ನು ತಗ್ಗಿಸಿಕೊಳ್ಳುವುದಕ್ಕೂ ಕೊಂಡವನಿಗೆ ಅವಕಾಶವಿತ್ತು. ಇಂಗ್ಲೆಂಡಿನ ಮಾರ್ಗವು ಇದಕ್ಕಿಂತ ಕಠಿನವಾದುದು. ೧೬೦೩ರ ಚಾಂಡ್ಲರ್ ಮತ್ತು ಲೋಪಸ್ ವ್ಯಾಜ್ಯದಲ್ಲಿ ಒಬ್ಬ ಅಕ್ಕಸಾಲೆಯು, ವಿಷಹರವೆಂದು ಪ್ರಸಿದ್ಧವಾಗಿದ್ದ ಬೆಜೋವರ್ ಎಂಬ ಕಲ್ಲು ಇದೆಂದು ಹೇಳಿ ನೂರು ಪೌಂಡಿಗೆ ಒಂದು ಕಲ್ಲನ್ನು ಮಾರಿದ್ದನು; ಅದು ಬೆಜೋವರ್ ಅಲ್ಲವೆಂಬುದು ಕೊಂಡವನ ಫಿರ್ಯಾದು. ‘ಇದು ಅದೇ’ ಎಂದು ಹೇಳಿದ್ದು ಬರಿಯ ಕಥನ. ‘ಇದಕ್ಕೆ ನಾನು ಹೊಣೆ’ ಎಂದು ಹೇಳಿದ್ದರೆ ಮಾತ್ರ ವ್ಯಾಜ್ಯಕ್ಕೆ ಆಧಾರವುಂಟು ಎಂದು ನ್ಯಾಯಾಸ್ಥಾನವು ತೀರ್ಮಾನಿಸಿತು. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಸೂತ್ರವು ಹೀಗೆ ಬಲಗೊಂಡಿತು. ೧೮೯೩ರ ಆಂಗ್ಲ ಸರಕುಮಾರಾಟದ ಕಾಯಿದೆಯೂ ಅದನ್ನನುಸರಿಸಿದ ಭಾರತದ ೧೯೩೦ರ ಕಾಯಿದೆಯೂ ಈ ಸೂತ್ರವನ್ನು ಸಡಿಲಿಸಿ, ಬಾಯಲ್ಲಿ ಹೇಳದಿದ್ದರೂ ವಸ್ತುವು ತಕ್ಕ ಗುಣವುಳ್ಳದ್ದಾಗಿರಬೇಕೆಂಬ ಧ್ವನಿತ ನಿಬಂಧನೆಗಳನ್ನು ಸೇರಿಸಿದುವು. ಭಾರತದ ಕಾಯಿದೆಯ ೧೨ನೆಯ ಪ್ರಕರಣವು ವಿಕ್ರಯದ ಮುಖ್ಯ ನಿಬಂಧನೆಗೂ ಆನುಷಂಗಿಕವಾದ ವಾರಂಟಿಗೂ ಭೇದವನ್ನು ಹೇಳುತ್ತದೆ: ಮೊದಲನೆಯದು ಭಗ್ನವಾದರೆ ವಿಕ್ರಯವನ್ನೇ ನಿರಾಕರಿಸಬಹುದು; ಎರಡನೆಯದು ಭಗ್ನವಾದರೆ ನಷ್ಟಪರಿಹಾರ ಮಾತ್ರ.

ಈ ಪ್ರಾಚೀನ ವ್ಯವಸ್ಥೆಗಳೆಲ್ಲವೂ ಒಂದು ಸಮಾನ ಭಾವನೆಯನ್ನು ಹೊಂದಿದ್ದುವು. ಮಾರುವವನೂ ಕೊಳ್ಳುವವನೂ ಎದುರುಬದರು ನಿಂತಿರುವರು. ದೋಷವು ಮಾರುವ ಕಾಲಕ್ಕೆ ಇತ್ತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಯಂತ್ರದ ವಿಷಯದಲ್ಲಿ ಎರಡು ಹೊಸ ಅಂಶಗಳು ಸೇರಿದುವು. ತಯಾರಕನು ದೂರದ ಪಟ್ಟಣದಲ್ಲಿರುವನು. ಕೊಳ್ಳುವವನು ವ್ಯವಹರಿಸುವುದು ನಡುವಣ ವರ್ತಕನೊಡನೆ. ಈ ಅಂತರವನ್ನು ದಾಟಿ ಬರುವ ಮಾತೇ ತಯಾರಕನ ವಾರಂಟಿ. ಎರಡನೆಯದಾಗಿ, ಮೋಟಾರುಸೈಕಲ್ಲು ರತ್ನದಂತೆ ಸುಮ್ಮನೆ ಇರತಕ್ಕ ವಸ್ತುವಲ್ಲ. ಎಂಜಿನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಒಳಭಾಗಗಳು ಉಜ್ಜಿ ಸವೆಯುವುವು. ಸರಪಣಿಗೆ ಎಣ್ಣೆ ಕಾಣಿಸದಿದ್ದರೆ ಅದು ಹಲ್ಲುಗಾಲಿಯನ್ನು ತಿನ್ನುವುದು. ಬ್ರೇಕು, ಟೈರು, ಬ್ಯಾಟರಿಗಳು ಕಾಲಕ್ರಮದಲ್ಲಿ ಬದಲಾವಣೆಯನ್ನು ಬೇಡುವುವು. ಆದುದರಿಂದ ಕೆಟ್ಟಾಗ ತಯಾರಕನ ದೋಷವೋ ಪಾಲಕನ ಉಪೇಕ್ಷೆಯೋ ಎಂಬ ಸಂಶಯವು ಸಹಜವಾಗಿಯೇ ಹುಟ್ಟುವುದು. ಪಾಲನೆಯ ನಿಬಂಧನೆಗಳು ಭರವಸೆಪತ್ರವನ್ನು ಪ್ರವೇಶಿಸಿದುದು ಈ ದ್ವಾರದಿಂದಲೇ.

ಆ ಪತ್ರಗಳು ಮೊದಲಲ್ಲಿ ಎಷ್ಟರಮಟ್ಟಿಗೆ ಕೊಂಡವನ ಹಿತಕ್ಕಾಗಿದ್ದುವೆಂಬುದಕ್ಕೆ ನ್ಯೂಜೆರ್ಸಿಯ ಶ್ರೇಷ್ಠ ನ್ಯಾಯಾಸ್ಥಾನವು ೧೯೬೦ರಲ್ಲಿ ತೀರ್ಮಾನಿಸಿದ ಹೆನ್ನಿಂಗ್ಸೆನ್ ವ್ಯಾಜ್ಯವು ನಿದರ್ಶನ. ೧೯೫೫ರಲ್ಲಿ ಕೊಂಡ ಹೊಸ ಮೋಟಾರುಕಾರು ಕೈಸೇರಿದ ಹತ್ತು ದಿನಗಳಲ್ಲಿಯೇ ಚಾಲನಚಕ್ರವು ಹಿಡಿತ ತಪ್ಪಿ ಗೋಡೆಗೆ ತಾಗಿತು. ಭರವಸೆಪತ್ರವು ೯೦ ದಿನ ಅಥವಾ ೪,೦೦೦ ಮೈಲಿಗಳೊಳಗೆ ಕೆಟ್ಟ ಭಾಗವನ್ನು ಬದಲಾಯಿಸಿಕೊಡುವ ಹೊಣೆಯನ್ನು ಮಾತ್ರ ಹೊತ್ತು, ಮಿಕ್ಕ ಸಮಸ್ತ ಹೊಣೆಯನ್ನೂ ಸಣ್ಣಕ್ಷರಗಳಲ್ಲಿ ನಿರಾಕರಿಸಿತ್ತು. ದೊಡ್ಡ ತಯಾರಕರೆಲ್ಲರ ಪತ್ರವೂ ಒಂದೇ ಅಚ್ಚಿನದಾಗಿದ್ದುದರಿಂದ ಕೊಳ್ಳುವವನಿಗೆ ಬೇರೆ ಗತಿಯಿರಲಿಲ್ಲ. ಚೌಕಾಸಿಗೆ ಎಡೆಯಿಲ್ಲದ ಇಂತಹ ಸಮಯವು ಲೋಕಹಿತಕ್ಕೆ ವಿರುದ್ಧವೆಂದು ನಿರ್ಣಯಿಸಿ ನ್ಯಾಯಾಸ್ಥಾನವು ಆ ನಿರಾಕರಣವನ್ನು ತಳ್ಳಿಹಾಕಿತು. ಸಮಯವು ನಿಜವಾದ ಸಮ್ಮತಿಯಿಂದ ಹುಟ್ಟಿದರೆ ಮಾತ್ರ ಬಂಧಕವೆಂಬ ತತ್ತ್ವವು ಇಲ್ಲಿ ಸ್ಫುಟವಾಯಿತು.

ಹೀಗೆ ಸಿದ್ಧವಾದ ಭೂಮಿಕೆಯಲ್ಲಿ ೧೯೭೫ನೆಯ ಜನವರಿ ೪ರಂದು ಅಧ್ಯಕ್ಷ ಫೋರ್ಡನ ಅಂಕಿತವನ್ನು ಪಡೆದು ಮ್ಯಾಗ್ನಸನ್–ಮಾಸ್ ವಾರಂಟಿ ಕಾಯಿದೆಯು ಹೊರಬಿದ್ದಿತು. ಸೆನೆಟಿನ ವಾರನ್ ಮ್ಯಾಗ್ನಸನ್, ಪ್ರತಿನಿಧಿಸಭೆಯ ಜಾನ್ ಮಾಸ್ ಎಂಬಿಬ್ಬರ ಹೆಸರು ಅದಕ್ಕೆ ಸೇರಿದೆ. ಈ ಕಾಯಿದೆಯು ಯಾರನ್ನೂ ವಾರಂಟಿ ಕೊಡಲೇಬೇಕೆಂದು ಬಲಾತ್ಕರಿಸುವುದಿಲ್ಲ. ಬರೆದುಕೊಟ್ಟರೆ ಹೇಗಿರಬೇಕೆಂಬುದನ್ನು ಮಾತ್ರ ನಿಯಮಿಸುತ್ತದೆ. ಪತ್ರವು ಪೂರ್ಣವೋ ಪರಿಮಿತವೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು; ನಿಬಂಧನೆಗಳು ಸರಳವಾದ ಮಾತಿನಲ್ಲಿರಬೇಕು; ಬರೆದ ಭರವಸೆಯನ್ನು ಒಂದು ಕೈಯಿಂದ ಕೊಟ್ಟು ಧ್ವನಿತ ಭರವಸೆಯನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳಲಾಗದು. ಪ್ರಕೃತಕ್ಕೆ ಮುಖ್ಯವಾದ ವಿಧಿಯು ಬೇರೊಂದು: ಇಂತಹ ಹೆಸರಿನ ಭಾಗವನ್ನೇ ಬಳಸಬೇಕು, ಇಂತಹ ಹೆಸರಿನ ಅಂಗಡಿಯಲ್ಲೇ ರಿಪೇರಿ ಮಾಡಿಸಬೇಕು ಎಂಬ ಷರತ್ತಿನ ಮೇಲೆ ಭರವಸೆಯನ್ನು ನಿಲ್ಲಿಸಕೂಡದು. ಇದಕ್ಕೆ ಎರಡೇ ಅಪವಾದಗಳು. ಆ ಭಾಗವನ್ನೋ ಸೇವೆಯನ್ನೋ ತಯಾರಕನು ಪುಕ್ಕಟೆಯಾಗಿ ಕೊಡುತ್ತಿರಬೇಕು. ಇಲ್ಲವೆ ಆ ಭಾಗವಿಲ್ಲದೆ ಯಂತ್ರವು ಸರಿಯಾಗಿ ನಡೆಯಲಾರದೆಂದು ಫೆಡರಲ್ ಟ್ರೇಡ್ ಕಮಿಷನ್ ಎಂಬ ವ್ಯಾಪಾರನಿಯೋಗಕ್ಕೆ ತೋರಿಸಿಕೊಟ್ಟು, ಲೋಕಹಿತಕ್ಕೂ ಅನುಗುಣವಾಗಿದೆಯೆಂಬ ಅದರ ಅನುಮತಿಯನ್ನು ಪಡೆದಿರಬೇಕು.

ಈ ವಿಧಿಯ ಮರ್ಮವು ಮೀಮಾಂಸಕರ ಪರಿಭಾಷೆಯಿಂದ ಇನ್ನೂ ವಿಶದವಾಗುವುದು. ‘ಇಷ್ಟು ಮೈಲಿಗೊಮ್ಮೆ ಎಣ್ಣೆಯನ್ನು ಬದಲಾಯಿಸತಕ್ಕದ್ದು’ ಎಂಬುದು ವಿಧಿ; ಅದು ಕ್ರಿಯೆಯನ್ನು ವಿಧಿಸುತ್ತದೆ, ಅದರ ಫಲವು ಯಂತ್ರದ ರಕ್ಷಣೆ. ‘ಈ ಅಂಗಡಿಯಲ್ಲಿ, ಈ ಹೆಸರಿನ ಎಣ್ಣೆಯಿಂದಲೇ’ ಎಂಬುದಾದರೋ ಪರಿಸಂಖ್ಯೆ. ಹಲವು ಪ್ರಾಪ್ತವಾಗಿರುವಲ್ಲಿ ಒಂದನ್ನುಳಿದು ಮಿಕ್ಕವನ್ನು ನಿವಾರಿಸುವುದೇ ಅದರ ತಾತ್ಪರ್ಯ. ಪರಿಸಂಖ್ಯೆಗೆ ಮೀಮಾಂಸಕರು ಮೂರು ದೋಷಗಳನ್ನು ಹೇಳಿದ್ದಾರೆ: ಸ್ವಾರ್ಥಹಾನಿ, ಪರಾರ್ಥಕಲ್ಪನೆ, ಪ್ರಾಪ್ತಬಾಧ. ಅಂದರೆ ವಾಕ್ಯವು ತನ್ನ ನೇರವಾದ ಅರ್ಥವನ್ನು ಬಿಡುತ್ತದೆ, ಹೇಳದ ಅರ್ಥವನ್ನು ಹೊರುತ್ತದೆ, ಮೊದಲೇ ಪ್ರಾಪ್ತವಾಗಿದ್ದುದನ್ನು ಬಾಧಿಸುತ್ತದೆ. ತಯಾರಕನ ಷರತ್ತಿನಲ್ಲಿ ಈ ಮೂರೂ ಕಾಣುವುವು. ಅದು ಮೇಲ್ನೋಟಕ್ಕೆ ಪಾಲನೆಯನ್ನು ಹೇಳಿದರೂ ಪಾಲನೆಯು ಅದರ ಗುರಿಯಲ್ಲ. ಬಿಡಿಭಾಗಗಳ ವ್ಯಾಪಾರವು ಅದರ ಗೂಢಾರ್ಥ. ಕೊಂಡವನಿಗೆ ಕ್ರಯದಿಂದಲೇ ಪ್ರಾಪ್ತವಾಗಿದ್ದ ಅಧಿಕಾರವು ಅದರಿಂದ ಬಾಧಿತವಾಗುವುದು. ಇಂತಹ ದೋಷಗಳಿರುವ ಕಡೆ ಬೇರೆ ಗತಿಯಿಲ್ಲದಿದ್ದರೆ ಮಾತ್ರ ಪರಿಸಂಖ್ಯೆಯನ್ನು ಒಪ್ಪಬೇಕೆಂಬುದು ಶಾಸ್ತ್ರಮರ್ಯಾದೆ. ಆ ಭಾಗವಿಲ್ಲದೆ ಯಂತ್ರವು ನಡೆಯಲಾರದೆಂದು ತೋರಿಸಬೇಕೆನ್ನುವ ಅಮೆರಿಕಾದ ಕಾಯಿದೆಯೂ ಅದೇ ಮರ್ಯಾದೆಯನ್ನು ತನ್ನ ರೀತಿಯಲ್ಲಿ ಹಿಡಿದಿರುವುದು.

ಕಾಯಿದೆಯು ಹುಟ್ಟಿದ ಮಾತ್ರಕ್ಕೆ ಆಚಾರವು ಬದಲಾಗಲಿಲ್ಲ. ೨೦೧೮ರ ಏಪ್ರಿಲಿನಲ್ಲಿ ನಿಯೋಗವು ಆರು ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರಗಳನ್ನು ಬರೆಯಿತು. ೨೦೨೧ರ ಮೇ ತಿಂಗಳಿನಲ್ಲಿ ರಿಪೇರಿಗೆ ಒಡ್ಡುವ ಅಡ್ಡಿಗಳನ್ನು ಕುರಿತು ಕಾಂಗ್ರೆಸ್ಸಿಗೆ ವರದಿಯನ್ನೊಪ್ಪಿಸಿತು. ಅದೇ ಜುಲೈಯಲ್ಲಿ, ಇಂತಹ ಅಡ್ಡಿಗಳ ಮೇಲೆ ಕಾಯಿದೆಯನ್ನು ಬಿಗಿಯಾಗಿ ನಡೆಸುವೆನೆಂಬ ತನ್ನ ಧೋರಣೆಯನ್ನು ಪ್ರಕಟಿಸಿತು. ಅದರ ಫಲವಾಗಿ ೨೦೨೨ರ ಜೂನ್ ೨೩ರಂದು ಹಾರ್ಲೆ–ಡೇವಿಡ್‌ಸನ್ ಸಂಸ್ಥೆಯ ಮೇಲಣ ಕ್ರಮವು ಹೊರಬಿದ್ದಿತು. ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ಪಟ್ಟಣದಲ್ಲಿ ೧೯೦೩ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಅಮೆರಿಕಾದ ಮೋಟಾರುಸೈಕಲ್ಲುಗಳಲ್ಲಿ ಅತಿ ಪ್ರಸಿದ್ಧವಾದುದು. ನಿಯೋಗದ ಆರೋಪಗಳು ಮುಖ್ಯವಾಗಿ ಎರಡು. ಸಂಸ್ಥೆಯ ಸ್ವಂತ ಭಾಗಗಳನ್ನಲ್ಲದೆ ಬೇರೆಯವನ್ನು ಬಳಸಿದರೆ ಭರವಸೆಯು ನಷ್ಟವಾಗಬಹುದೆಂದು ಪತ್ರದಲ್ಲಿ ಹೇಳಲಾಗಿತ್ತೆಂಬುದು ಒಂದು. ವಾರಂಟಿಯ ಸಮಸ್ತ ನಿಬಂಧನೆಗಳನ್ನೂ ಒಂದೇ ಪತ್ರದಲ್ಲಿ ಕೊಡದೆ, ವಿವರಕ್ಕಾಗಿ ಅಧಿಕೃತ ವರ್ತಕನಲ್ಲಿಗೆ ಹೋಗಬೇಕೆಂದು ಸೂಚಿಸಲಾಗಿತ್ತೆಂಬುದು ಇನ್ನೊಂದು.

ಈ ವಿಷಯವು ಒಪ್ಪಂದದಿಂದ ಇತ್ಯರ್ಥವಾಯಿತು. ಅದೇ ಅಕ್ಟೋಬರಿನಲ್ಲಿ ಆಜ್ಞೆಯು ಸ್ಥಿರವಾಯಿತು. ಅಂತಹ ಷರತ್ತನ್ನು ಮುಂದೆ ಹಾಕಕೂಡದು. ಅನ್ಯರ ಭಾಗವನ್ನು ಬಳಸಿದರೂ ಸ್ವತಂತ್ರ ಮೆಕ್ಯಾನಿಕ್ಕನಲ್ಲಿ ರಿಪೇರಿ ಮಾಡಿಸಿದರೂ ವಾರಂಟಿ ಬೀಳುವುದಿಲ್ಲವೆಂಬ ವಾಕ್ಯವನ್ನು ಪತ್ರದಲ್ಲಿಯೇ ಬರೆಯಬೇಕು. ಮೊದಲೇ ಕೊಂಡಿದ್ದವರಿಗೂ ಈ ಸಂಗತಿಯನ್ನು ತಿಳಿಸಬೇಕು. ವರ್ತಕರಿಗೂ ಎಚ್ಚರಿಕೆಯನ್ನು ಕೊಡಬೇಕು ಎಂದು ಅದರ ಸಾರ. ಆಜ್ಞೆಯನ್ನು ಮೀರಿದರೆ ಪ್ರತಿಯೊಂದು ಉಲ್ಲಂಘನೆಗೂ ೪೬,೫೧೭ ಡಾಲರುಗಳವರೆಗೆ ದಂಡ ವಿಧಿಸಬಹುದೆಂದು ನಿಯೋಗವು ಆಗ ಹೇಳಿತು. ಇಲ್ಲಿ ಗಮನಾರ್ಹವಾದುದು ಪ್ರತಿವಾಕ್ಯವನ್ನು ಬರೆಯಿಸಿದ ಸಂಗತಿಯೇ. ಷರತ್ತನ್ನು ಅಳಿಸಿದ ಮಾತ್ರಕ್ಕೆ ಓದುಗನ ಮನಸ್ಸಿನಿಂದ ಭಯವು ಹೋಗುವುದಿಲ್ಲ. ಸಾವಿರ ಜನರಲ್ಲಿ ಒಬ್ಬನೂ ವ್ಯಾಜ್ಯಕ್ಕೆ ಹೋಗದಿದ್ದರೂ ಪತ್ರದ ಒಂದು ಸಾಲಿನಿಂದಲೇ ಎಲ್ಲರೂ ಅಧಿಕೃತ ಅಂಗಡಿಗೆ ತೆರಳುವರು. ಸಿಂಧುವಲ್ಲದ ವಾಕ್ಯವೂ ಹೀಗೆ ಕಾರ್ಯಕಾರಿಯಾಗುವುದು.

ಆದರೆ ಪಾಲಕನ ಅಧಿಕಾರಕ್ಕೆ ಮೇರೆಯಿಲ್ಲವೆಂದು ತಿಳಿಯತಕ್ಕದ್ದಲ್ಲ. ಅನ್ಯಭಾಗವನ್ನು ಹಾಕಿದುದರಿಂದಲೇ ಅಥವಾ ಅಜ್ಞನು ರಿಪೇರಿ ಮಾಡಿದುದರಿಂದಲೇ ಯಂತ್ರವು ಕೆಟ್ಟಿದ್ದರೆ ಆ ಕೇಡಿಗೆ ತಯಾರಕನು ಹೊಣೆಯಲ್ಲ. ಆದರೆ ಆ ಕಾರ್ಯಕಾರಣಸಂಬಂಧವನ್ನು ತೋರಿಸಿಕೊಡಬೇಕಾದವನು ತಯಾರಕನೇ. ಅನ್ಯಭಾಗವು ಅಲ್ಲಿತ್ತೆಂಬ ಸನ್ನಿಧಿಮಾತ್ರವು ಕಾರಣವಾಗಲಾರದು. ಇನ್ನೊಂದು ಮೇರೆಯು ಲೋಕಹಿತದ್ದು. ಎಂಜಿನಿನ ಶಕ್ತಿಯನ್ನು ಹೆಚ್ಚಿಸಿ ಹೊಗೆಯನ್ನೂ ಹೆಚ್ಚಿಸುವ ಸುಮಾರು ೩,೪೦,೦೦೦ ಸಾಧನಗಳನ್ನು ಮಾರಿದ ಆರೋಪದ ಮೇಲೆ ಇದೇ ಹಾರ್ಲೆ–ಡೇವಿಡ್‌ಸನ್ ಸಂಸ್ಥೆಯು ೨೦೧೬ರಲ್ಲಿ ವಾಯುಶುದ್ಧಿಯ ಕಾಯಿದೆಯಂತೆ ೧೨೦ ಲಕ್ಷ ಡಾಲರುಗಳ ದಂಡಕ್ಕೆ ಒಪ್ಪಿತು. ತನ್ನ ಯಂತ್ರವನ್ನು ತಾನು ಕಾಪಾಡಿಕೊಳ್ಳುವ ಅಧಿಕಾರವು ಬೇರೆ, ಎಲ್ಲರೂ ಉಸಿರಾಡುವ ಗಾಳಿಯನ್ನು ಕೆಡಿಸುವ ಸ್ವಾತಂತ್ರ್ಯವು ಬೇರೆ.

ಮೋಟಾರುಸೈಕಲ್ಲಿನ ಪಾಲಕನಿಗೆ ೧೯೭೫ರ ಕಾಯಿದೆಯು ಏಕೆ ಅಷ್ಟು ಮುಖ್ಯವೆಂಬುದು ಮೆಸಾಚುಸೆಟ್ಸಿನ ಉದಾಹರಣೆಯಿಂದ ತಿಳಿಯುವುದು. ವಾಹನದ ರೋಗವನ್ನು ಕಂಡುಹಿಡಿಯುವ ಸಾಧನಗಳೂ ಮಾಹಿತಿಯೂ ಸ್ವತಂತ್ರ ರಿಪೇರಿಗಾರರಿಗೆ ದೊರೆಯಬೇಕೆಂದು ೨೦೧೨ರಲ್ಲಿ ಆ ಸಂಸ್ಥಾನವು ಮಾಡಿದ ಶಾಸನವು ಕಾರುಗಳಿಗೆ ದೊಡ್ಡ ಉಪಕಾರವನ್ನು ಮಾಡಿದರೂ, ವಾಹನವೆಂಬ ಪದದ ಲಕ್ಷಣದಿಂದ ಮೋಟಾರುಸೈಕಲ್ಲನ್ನು ಹೊರಗಿಟ್ಟಿತು. ಭಾರತದಲ್ಲಿ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟಿನಲ್ಲಿ ೧೪ ಕಾರುತಯಾರಕರ ಮೇಲೆ, ಬಿಡಿಭಾಗಗಳನ್ನು ಸ್ವತಂತ್ರ ರಿಪೇರಿಗಾರರಿಗೆ ಸಿಗದಂತೆ ತಡೆದರೆಂಬ ಕಾರಣದಿಂದ, ಒಟ್ಟು ೨,೫೪೪ ಕೋಟಿ ರೂಪಾಯಿಗಳಿಗೂ ಮಿಕ್ಕಿದ ದಂಡವನ್ನು ವಿಧಿಸಿತು. ಅನಂತರ ಅದರ ಮೇಲೆ ಮೇಲ್ಮನವಿಗಳು ನಡೆದುವು. ಇಲ್ಲಿಯೂ ವಿಷಯವು ಕಾರುಗಳದೇ. ಎರಡು ಗಾಲಿಯ ವಾಹನಗಳೇ ಬಹುಜನರ ಆಶ್ರಯವಾಗಿರುವ ದೇಶದಲ್ಲಿ ಇದು ಚಿಂತಿಸತಕ್ಕ ಸಂಗತಿ.

ಸ್ವತ್ವವೆಂಬುದು ಶಾಸ್ತ್ರೈಕಗಮ್ಯವಲ್ಲ, ಲೌಕಿಕವಾದುದು ಎಂದು ದಾಯವಿಭಾಗಪ್ರಕರಣದಲ್ಲಿ ವಿಜ್ಞಾನೇಶ್ವರನು ಸಾಧಿಸಿದ್ದಾನೆ. ಇಚ್ಛೆಯಂತೆ ವಿನಿಯೋಗಿಸಲು ಯೋಗ್ಯವಾಗಿರುವುದೇ ಸ್ವತ್ವವೆಂದು ಮುಂದಣ ತಾರ್ಕಿಕರಲ್ಲಿ ಒಂದು ಪಕ್ಷವುಂಟು. ಮೂಲ್ಯವನ್ನು ತೆತ್ತು ಮನೆಗೆ ತಂದ ಯಂತ್ರದ ಎಣ್ಣೆಯನ್ನು ಯಾರ ಕೈಯಿಂದ ಬದಲಾಯಿಸಬೇಕೆಂಬುದನ್ನು ಮಾರಿದವನೇ ನಿಶ್ಚಯಿಸುವುದಾದರೆ, ಲೋಕದ ಕಣ್ಣಿಗೆ ಅದು ವಿಕ್ರಯವಾಗಿ ಕಂಡರೂ ಫಲದಲ್ಲಿ ಬಾಡಿಗೆಗೆ ಸಮೀಪವಾಗುವುದು. ಅವಧಿಯು ಕಳೆದ ಮೇಲೆ ವಸ್ತುವು ಕೊಂಡವನದೇ ಎಂಬ ನಾರದನ ನಿಯಮವನ್ನು ಸಾಮಾನ್ಯವಾಗಿ ಕೊಂಡವನಿಗೆ ಪ್ರತಿಕೂಲವೆಂದು ಓದುವರು: ಇನ್ನು ಹಿಂದಿರುಗಿಸಲಾಗದು ಎಂದು. ಆ ನಿಯಮಕ್ಕೆ ಇನ್ನೊಂದು ಮುಖವೂ ಉಂಟು. ಕೊಂಡವನದೇ ಎಂದ ಮೇಲೆ ಅದು ಮಾರಿದವನದಲ್ಲ. ಸುಮಾರು ಅರ್ಧ ಶತಮಾನದ ಕಾಲ ಅಮೆರಿಕಾದ ಶಾಸನವೂ ನಿಯೋಗವೂ ಸ್ಥಾಪಿಸಲು ಯತ್ನಿಸಿರುವುದು ಈ ಎರಡನೆಯ ಮುಖವನ್ನೇ.